ಸಗೀರಾಳ ಸೈಕಲ್ಲಿಗೆ ಜಾಗ

ಇಂಡಿ ರೋಡ್ ಸ್ಟೇಶನ್ನಿನಿಂದ ಇಂಡಿ ಊರು ದೂರ. ಬಸವನ ಬಾಗೇವಾಡಿ ರೋಡ್ ಸ್ಟೇಶನ್ನಿನಿಂದ ಬಾಗೇವಾಡಿಯೂ ದೂರವೇ. ಸ್ಟೇಶನ್ನಿನ ಹೆಸರಿನ ಜೊತೆ ‘ರೋಡ್’ ಎಂದಿದ್ದರೆ, ಗಾಡಿ ಇಳಿದ ಮೇಲೆ ಇನ್ನೂ ಹಾದಿ ಉಳಿದಿದೆ ಎಂದೇ ತಿಳಿಯಬೇಕು. ಆ ಹಾದಿಗಾಗಿಯೇ ಸಗೀರಾ ತನ್ನ ಸೈಕಲ್ಲನ್ನು ರೈಲಿನಲ್ಲಿ ಹಾಕಿಕೊಂಡು ಓಡಾಡುತ್ತಿದ್ದಳು.

ಅರವತ್ಮೂರನೆಯ ಇಸವಿಯ ಮಾತು. ಸಗೀರಾ ಬಾಗೇವಾಡಿ ಕಡೆಯ ಹಳ್ಳಿಯೊಂದರಲ್ಲಿ ಹೆರಿಗೆ ಮಾಡಿಸುವ ಸರಕಾರಿ ನರ್ಸು. ಸೂಟಿ ಸಿಕ್ಕಾಗ ಇಂಡಿಗೆ ಬಂದು ಅವ್ವ ಸುಲ್ತಾನಬಿಯ ಜೊತೆ ಇದ್ದು, ಸೋಮವಾರ ಮುಂಜಾನೆಯ ಗಾಡಿಗೆ ಹೊರಡುತ್ತಿದ್ದಳು. ಅಪ್ಪ ಮೀರಾಸಾಬ ಇಂಡಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು. ಮಗಳಿಗೆ ನೌಕರಿ ಸಿಕ್ಕಾಗ, ಹಳೆಯ ಸೈಕಲ್ಲುಗಳ ಭಾಗ ಕೂಡಿಸಿ, ಸೀರೆ ಉಟ್ಟು ಹತ್ತಲು ಬರುವ ಹೆಂಗಸರ ಸೈಕಲ್ಲೊಂದನ್ನು ತಾನೇ ಕಟ್ಟಿಕೊಟ್ಟಿದ್ದ. ಅದಾದ ಮರುವರ್ಷ ತೀರಿಕೊಂಡ.

ಅಪ್ಪ ಹೋದ ಮೇಲೆ ಕಾಕಾ ಜೈನುದ್ದೀನ ಸೈಕಲ್ ಮಾರಿಬಿಡು ಎಂದು ಗಂಟುಬಿದ್ದ.

“ಹೆಣ್ಮಗಳು ಸೈಕಲ್ ಹೊಡಕೊಂಡು ತಿರಗತಾಳಂತ ನೋಡಾಕ ಬಂದವರು ಹೊಳ್ಳಿ ಹೋಗಾಕತ್ತಾರ ಸಗೀರಾ.”

“ಹೋಗ್ಲಿ ಬಿಡ್ರಿ ಕಾಕಾ. ನಾ ನಡಕೋತ ಹೋಗಿ ಮುಟ್ಟೂದ್ರಾಗ ಅಲ್ಲಿ ಹಡಿಯಾಕಿ ಜೀವಾ ಹೋಗಿರತೈತಿ. ಹಂಗ ಆದ್ರ ಅವರ ಮನಿಯವರಿಗೆ ಯಾರು ಉತ್ತರಾ ಕೊಡ್ತೀರಿ, ನೀವೋ, ನೋಡಾಕ ಬಂದವರೋ?”

ಕಾಕಾ ಚಪ್ಪಲಿ ಮೆಟ್ಟಿ ಹೊರಟುಹೋದ. ಆದರೆ ಅವಳಿಗೆ ಎದುರು ನಿಂತವರು ಮನೆಯವರಷ್ಟೇ ಅಲ್ಲ. ಸೋಮವಾರದ ಗಾಡಿಯ ಗಾರ್ಡ್ ಖಂಡೆಪ್ಪನಿಗೂ ಅವಳ ಸೈಕಲ್ ಕಣ್ಣಿಗೆ ಬಿದ್ದರೆ ಆಗುತ್ತಿರಲಿಲ್ಲ. ಗಾಡಿಯ ಕೊನೆಗಿರುವ ಬ್ರೇಕ್‌ವ್ಯಾನಿನಲ್ಲಿ ಸೈಕಲ್ ಹಾಕುವುದು, ಇಳಿಸುವುದು ಅವನ ಕೈಯಲ್ಲಿತ್ತು. ಹಿಂದಿನ ಸಲ ಅವನು ಸೈಕಲ್ಲಿನ ಮೇಲೆ ಜೋಳದ ಚೀಲ ಹೇರಿಸಿದ್ದ. ಇಳಿಸಿಕೊಂಡಾಗ ಮುಂದಿನ ಗಾಲಿ ಸೊಟ್ಟಾಗಿತ್ತು. ಸಗೀರಾ ಪ್ಲಾಟ್‌ಫಾರ್ಮಿನ ಮೇಲೆಯೇ, ನಾಲ್ಕು ಮಂದಿ ಕೇಳುವಂತೆ, ಅವನನ್ನು ತರಾಟೆಗೆ ತೆಗೆದುಕೊಂಡಿದ್ದಳು. ಆ ಸಿಟ್ಟು ಅವನಲ್ಲಿ ಇನ್ನೂ ಆರಿರಲಿಲ್ಲ.

ಈ ಸೋಮವಾರ ಅವಳು ಸೈಕಲ್ ತಳ್ಳಿಕೊಂಡು ಬಂದಾಗ ಖಂಡೆಪ್ಪ ವ್ಯಾನಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

“ಜಾಗಾ ಇಲ್ಲ.”

“ಸೈಕಲ್ಲಿಗೆ ಚೀಟಿ ಮಾಡಿಸೇನ್ರಿ. ಸ್ಟೇಶನ್ ಮಾಸ್ತರು ಕೊಟ್ಟಾರ.”

“ಚೀಟಿ ಇದ್ರ ಏನಾತು? ಒಳಗ ಚೀಲ ತುಂಬ್ಯಾವ.”

“ಬಾಗಲಾ ತಗೀರಿ, ನಾನೂ ನೋಡ್ತೇನಿ.”

“ನೋಡಾಕ ನೀ ಯಾರು?” ಖಂಡೆಪ್ಪನ ದನಿ ಏರಿತು. “ಸೈಕಲ್ ಹೊಡಿಯೂದು ಗಂಡಸರ ಕೆಲಸ. ಅಷ್ಟ ಹೌಸಿ ಇತ್ತಂದ್ರ ಬಾಗೇವಾಡಿತನಕ ಹೊಡಕೋತನ ಹೋಗು.”

ಅಲ್ಲಿ ನಿಂತಿದ್ದ ಗಂಡಸರು ನಕ್ಕರು. ಸಗೀರಾಳ ಕಿವಿ ಬಿಸಿಯಾದವು. ಸದ್ದು ಕೇಳಿ ಬಂದ ಸ್ಟೇಶನ್ ಮಾಸ್ತರು ಮೆಲ್ಲಗೆ, “ಇವತ್ತೊಂದಿನ ಸೈಕಲ್ ಇಲ್ಲೇ ಬಿಡ್ರಿ ಬಾಯಾರ, ನಾ ಕಾಯ್ತೇನಿ” ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಬಿಟ್ಟು ಹೋಗುವುದು ಸುಲಭವೂ ಇತ್ತು. ಆದರೆ ಇವತ್ತು ಬಿಟ್ಟರೆ ಬರುವ ಸೋಮವಾರವೂ ಜಾಗ ಇರುವುದಿಲ್ಲ, ಅದರಾಚೆಯ ಸೋಮವಾರವೂ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

“ಇಲ್ರಿ ಮಾಸ್ತರ. ನಾ ಹೋಗೂ ಗಾಡಿಯಾಗನ ಅದೂ ಬರತೈತಿ.”

ಎದುರಿನಿಂದ ಬರುವ ಗಾಡಿ ದಾಟುವವರೆಗೆ ಈ ಗಾಡಿ ಕದಲುವಂತಿರಲಿಲ್ಲ. ಸಗೀರಾ ಹೆಂಗಸರ ಡಬ್ಬಿಯ ಮುಂದೆ ಸೈಕಲ್ಲನ್ನು ಬೋರಲು ಹಾಕಿದಳು. ಸೀಟಿನ ಹಿಂದಿನ ಚೀಲದಿಂದ ಪಾನಾ ತೆಗೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಟ್ಟು ಬಿಚ್ಚತೊಡಗಿದಳು. ನಗುತ್ತಿದ್ದವರು ಹತ್ತಿರ ಬಂದು ನೋಡತೊಡಗಿದರು.

ಡಬ್ಬಿಯ ಬಾಗಿಲಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಹೆಸರು ರುಕ್ಮವ್ವ, ಕೊಲ್ಹಾರದವಳು. ಇಂಡಿಯಲ್ಲಿದ್ದ ಮಗಳ ಬಾಣಂತನ ಮುಗಿಸಿ ಊರಿಗೆ ಹೊರಟಿದ್ದಳು.

“ಏನ ಮಾಡಾಕತ್ತಿ ಯವ್ವಾ?”

“ಬಿಚ್ಚಾಕತ್ತೇನಿ ಆಯಿ. ಅಂವ ಒಳಗ ಹಾಕಂಗಿಲ್ಲಂತ. ನನ್ನ ಕೂಡ ಒಯ್ತೇನಿ.”

“ಅಂವನ ಮನಿ ಹಾಳಾಗ್ಲಿ. ತಾ ಇಲ್ಲಿ, ಗಾಲಿ ಮದಲ ಕೊಡು.”

ಮುಂದಿನ ಗಾಲಿ ರುಕ್ಮವ್ವನ ಕೈಗೆ ಹೋಯಿತು. ಹಿಂದಿನದನ್ನು ಸಿಂದಗಿಯ ಕಡೆಯ ಪೀರಬಿ ಎಂಬ ಹೆಂಗಸು ಬುರ್ಖಾದ ತುದಿ ಮೇಲೆತ್ತಿಕೊಂಡು ಬಂದು ಇಸಿದುಕೊಂಡಳು. ಗ್ರೀಸು ಮೆತ್ತಿದ ಚೈನನ್ನು ಯಾರೋ ಬುತ್ತಿಯ ಅರಿವೆ ಬಿಚ್ಚಿ ಅದರಲ್ಲಿ ಸುತ್ತಿದರು. ಹ್ಯಾಂಡಲ್ ಹೊರಳಿಸಿದ ಸೈಕಲ್ಲಿನ ಚೌಕಟ್ಟನ್ನು ಮೂವರು ಹೆಂಗಸರು ಒಳಗೆಳೆದುಕೊಂಡು ಬೆಂಚಿನ ಕೆಳಗೆ ತುರುಕಿದರು. ಖಂಡೆಪ್ಪ ಓಡಿಬಂದು, “ಏಯ್, ಇಳಸ್ರಿ ಅದನ್ನ!” ಎಂದು ಕೂಗಿದ. ಅಷ್ಟರಲ್ಲಿ ಎದುರಿನ ಗಾಡಿ ಬಂದು ನಿಂತಿತು. ಈ ಗಾಡಿಗೆ ಸಿಗ್ನಲ್ ಬಿತ್ತು. ಹೊತ್ತು ಮಾಡಿದರೆ ತನ್ನ ತಲೆಗೇ ಬರುತ್ತದೆಂದು ಅವನು ಹಸಿರು ಬಾವುಟ ಬೀಸುತ್ತ ಹಿಂದಕ್ಕೆ ಓಡಿದ.

ವಿಜಾಪುರದಲ್ಲಿ ಗಾಡಿ ನಿಂತದ್ದೇ ತಡ, ಖಂಡೆಪ್ಪ ಕರಿಕೋಟಿನ ಟಿಕೀಟು ತಪಾಸಣೆಯ ಸಾಹೇಬರನ್ನು ಕರೆದುಕೊಂಡು ಬಂದ. ಸಾಹೇಬರು ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ರುಕ್ಮವ್ವ ಗಾಲಿಯನ್ನು ತೊಡೆಯ ಮೇಲಿಟ್ಟುಕೊಂಡು ಮಿಸುಕದೆ ಕುಳಿತಿದ್ದಳು.

“ಇದು ಸೈಕಲ್ ಅಲ್ಲೇನ್ರಿ?”

“ಹೌದ್ರಿ, ಸೈಕಲ್ಲೇ,” ಎಂದು ಸಗೀರಾ ಎದ್ದು ನಿಂತಳು. “ನಂದ ಐತ್ರಿ. ಚೀಟಿ ಇಲ್ಲೈತಿ. ವ್ಯಾನಿನ್ಯಾಗ ಹಾಕೂದು ಅವರ ಕೆಲಸ ಇತ್ತು. ಅವರು ಹಾಕಲಿಲ್ಲ, ನಾ ಒಳಗ ತಂದೆ.”

“ಡಬ್ಬಿಯೊಳಗ ತರೂದು ತಪ್ಪು. ತಪ್ಪಾತು ಅನ್ರಿ, ಇಲ್ಲಿಗೆ ಮುಗಸೂನು.”

“ಅನ್ನಂಗಿಲ್ರಿ.”

ಸಾಹೇಬರ ಹುಬ್ಬು ಮೇಲೇರಿದವು.

“ತಪ್ಪು ಮಾಡಿದ್ರ ಅಂತಿದ್ನಿ. ಅವರ ವ್ಯಾನ್ ತುಂಬಿದ್ರ ನಾ ಸೈಕಲ್ ತಗೊಂಡು ಇಲ್ಲೇ ಇಳೀತೇನಿ, ನೀವು ಏನ ಶಿಕ್ಷಾ ಕೊಟ್ರೂ ತಗೋತೇನಿ. ಮದಲ ಬಾಗಲಾ ತಗಿಸ್ರಿ.”

“ತಗಿಸ್ರಿ, ತಗಿಸ್ರಿ!” ಡಬ್ಬಿಯ ಹೆಂಗಸರೆಲ್ಲ ಒಂದೇ ದನಿಯಲ್ಲಿ ಎಂದರು.

ಸಾಹೇಬರು ಹೋಗಿ ಬಾಗಿಲು ತೆರೆಸಿದರು. ಒಳಗೆ ಎರಡು ಎಲೆಬುಟ್ಟಿ, ಟಪಾಲಿನ ಒಂದು ಚೀಲ. ಉಳಿದದ್ದೆಲ್ಲ ಖಾಲಿ ಹಲಗೆ. ಸಾಹೇಬರು ಖಂಡೆಪ್ಪನ ಮುಖ ನೋಡಿದರು. ಖಂಡೆಪ್ಪ ತನ್ನ ಬೂಟು ನೋಡಿಕೊಂಡ.

“ಹೋಗ್ಲಿ ಬಾಯಾರ,” ಎಂದರು ಸಾಹೇಬರು ಮರಳಿ ಬಂದು. “ಹೆಂಗೂ ಒಳಗ ಐತಿ. ಹಂಗ ಒಯ್ರಿ, ಯಾರೂ ಕೇಳಂಗಿಲ್ಲ.”

ಸಗೀರಾ ತಲೆ ಅಲ್ಲಾಡಿಸಿದಳು. ಅಷ್ಟಕ್ಕೇ ಒಪ್ಪಿದರೆ ಅದು ಸಾಹೇಬರ ದಯೆಯಾಗುತ್ತಿತ್ತು.

“ಬ್ಯಾಡ್ರಿ. ವ್ಯಾನಿನ್ಯಾಗನ ಬರಬೇಕು. ನಾ ಜೋಡಿಸಿ ಕೊಡ್ತೇನಿ, ಅವರು ಎತ್ತಿ ಇಡ್ಲಿ.”

ಇಂಜಿನ್ನು ನೀರು ಕುಡಿಯುವಷ್ಟರಲ್ಲಿ ಅವಳು ಪ್ಲಾಟ್‌ಫಾರ್ಮಿನ ಮೇಲೆ ಸೈಕಲ್ಲನ್ನು ಮತ್ತೆ ಕೂಡಿಸಿದಳು. ರುಕ್ಮವ್ವ ಒಂದೊಂದೇ ನಟ್ಟು ಅಂಗೈಯಲ್ಲಿ ಹಿಡಿದು ಕೊಟ್ಟಳು. ಸುತ್ತ ಮಂದಿ ನೆರೆಯಿತು. ಈ ಸಲ ಯಾರೂ ನಗಲಿಲ್ಲ. ಸೈಕಲ್ ಸಿದ್ಧವಾದ ಮೇಲೆ ಖಂಡೆಪ್ಪ ಎರಡೂ ಕೈಯಿಂದ ಅದನ್ನೆತ್ತಿದ.

“ಮಲಗಿಸಬ್ಯಾಡ್ರಿ,” ಎಂದಳು ಸಗೀರಾ. “ನಿಲ್ಲಿಸಿ ಕಟ್ರಿ.”

ಅವನು ನಿಲ್ಲಿಸಿಯೇ ಕಟ್ಟಿದ.

ಮಾತು ಅಲ್ಲಿಗೆ ಮುಗಿಯಲಿಲ್ಲ. ಸರಕಾರಿ ನರ್ಸೊಬ್ಬಳು ಸ್ಟೇಶನ್ನಿನಲ್ಲಿ ಗದ್ದಲ ಮಾಡಿದಳೆಂದು ಖಂಡೆಪ್ಪ ಮಾಡಿದ ಫಿರ್ಯಾದು ಅವಳ ದವಾಖಾನೆಯ ಡಾಕ್ಟರ ತನಕ ಹೋಯಿತು. ಡಾಕ್ಟರು ಕರೆದು ಕೇಳಿದಾಗ, “ಮಾಡೇನ್ರಿ. ಮತ್ತ ಸೈಕಲ್ ಹಾಕಲಿಲ್ಲಂದ್ರ ಮತ್ತ ಮಾಡ್ತೇನಿ” ಎಂದಳು. ಆ ವರ್ಷ ಅವಳಿಗೆ ಸಿಗಬೇಕಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ಇಂಡಿಗೆ ಬಂದಾಗ ಒಲೆಯ ಮುಂದೆ ಕುಳಿತು ಒಮ್ಮೆ ಅತ್ತಳು. ಸುಲ್ತಾನಬಿ ಮಗಳ ತಲೆ ಸವರಿದಳೇ ಹೊರತು, ಸೈಕಲ್ ಬಿಡು ಎನ್ನಲಿಲ್ಲ.

ಖಂಡೆಪ್ಪ ಅವಳ ಜೊತೆ ಮತ್ತೆಂದೂ ಮಾತಾಡಲಿಲ್ಲ. ಆದರೆ ಸೋಮವಾರ ಅವಳು ದೂರದಲ್ಲಿ ಕಂಡರೆ ಸಾಕು, ವ್ಯಾನಿನ ಬಾಗಿಲು ತೆರೆದಿಟ್ಟು ಅತ್ತ ತಿರುಗಿ ನಿಲ್ಲುತ್ತಿದ್ದ. ಮಳೆಗಾಲ ಕಳೆದು ಬಿಳಿಜೋಳ ಮೊಣಕಾಲೆತ್ತರ ಬಂದಾಗ, ಬಾಗೇವಾಡಿಯ ಶಾಲೆಯಲ್ಲಿ ಕಲಿಸುವ ಮಾಸ್ತರಬಾಯಿ ಸೀತವ್ವ ಅವಳನ್ನು ಹುಡುಕಿಕೊಂಡು ಬಂದಳು.

“ನಾನೂ ಒಂದು ಸೈಕಲ್ ತಗೊಂಡೇನಿ ಅಕ್ಕಾರ. ಹತ್ತೂದು ಬರತೈತಿ, ಇಳಿಯೂದು ಬರಂಗಿಲ್ಲ.”

“ಬರ್ರಿ,” ಎಂದು ಸಗೀರಾ ಅಂಗಳಕ್ಕಿಳಿದಳು. “ಬೀಳೂದು ಮದಲ ಕಲೀರಿ.”