ಒದ್ದೆ ಗಾಜು

ಶ್ರಾವಣಿಯನ್ನು ಸುಳ್ಳಿ ಎಂದವಳು ನಾನು. ಬಾಯಲ್ಲಿ ಅಂದಿದ್ದರೆ ಜಗಳವಾಡಿ ಮುಗಿಯುತ್ತಿತ್ತೇನೋ, ಬರೆದು ಕೊಟ್ಟೆ.

ಅಮೆರಿಕದ ಆಸ್ಟಿನ್‌ನ ನಮ್ಮ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಸೋಲಾರ್ ಸೆಲ್ಲಿಗಾಗಿ ಗಾಜಿನ ಮೇಲೆ ಕ್ಯಾಡ್ಮಿಯಂ ಸಲ್ಫೈಡಿನ ತೆಳು ಪದರ ಕೂರಿಸುತ್ತೇವೆ. ಕುಲುಮೆ ಬೇಡ, ಕೈ ಸುಡುವಷ್ಟು ಬಿಸಿಯಾದ ದ್ರಾವಣದಲ್ಲಿ ಗಾಜನ್ನು ಅದ್ದಿ ಕಾದರೆ ಹಳದಿ ಪದರ ತಾನೇ ಕೂರುತ್ತದೆ. ಧಾರವಾಡದಿಂದ ನನ್ನ ಕೈಕೆಳಗೆ ಪಿಎಚ್‌ಡಿಗೆ ಬಂದಿದ್ದ ಶ್ರಾವಣಿಯ ಪದರಗಳಲ್ಲಿ ಒಂದು ತೂತೂ ಇರುತ್ತಿರಲಿಲ್ಲ. ಅವಳ ನೋಟ್‌ಬುಕ್ ನೋಡಿಕೊಂಡು ನಾನು ಮಾಡಿದರೆ ಜರಡಿ. ಹನ್ನೊಂದು ಸಲವೂ ಜರಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೆಟ್ಟವನ್ನು ಮುಚ್ಚಿಟ್ಟು ಚೆಂದದವನ್ನಷ್ಟೇ ತೋರಿಸುತ್ತಿದ್ದಾಳೆ ಎಂದು ವಿಭಾಗಕ್ಕೆ ಬರೆದೆ. ನನ್ನೆದುರು ಒಮ್ಮೆ ಮಾಡಿ ತೋರಿಸು ಎಂದಿದ್ದರೆ ಸಾಕಿತ್ತು. ಜಂಬ, ಕೇಳಲಿಲ್ಲ. ಅವಳು ಓದು ಬಿಟ್ಟು ಹೂಸ್ಟನ್‌ಗೆ ಹೋದಳು.

ಮೂರು ವರ್ಷವಾಯಿತು. ಕಳೆದ ತಿಂಗಳು ಗಾಜು ಒಣಗಿಸುವ ನೈಟ್ರೋಜನ್ ಸಿಲಿಂಡರ್ ಖಾಲಿಯಾಗಿತ್ತು. ಹಾಳಾಗಲಿ ಎಂದು ಗಾಜನ್ನು ಶುದ್ಧ ನೀರಿನಲ್ಲಿ ತೊಳೆದು ಒದ್ದೆಯಾಗಿಯೇ ಅದ್ದಿದೆ. ತೂತೇ ಇಲ್ಲ! ಒಣಗಾಜಿಗೆ ಅಂಟುವ ಗಾಳಿಗುಳ್ಳೆಗಳು ಒದ್ದೆ ಗಾಜಿಗೆ ಅಂಟಿರಲಿಲ್ಲ. ಶ್ರಾವಣಿಯೂ ಹೀಗೇ ತೊಳೆದು ಅದ್ದುತ್ತಿದ್ದಳೇನೋ. ತೊಳೆದಿಟ್ಟ ಲೋಟವನ್ನೂ ಹಾಲು ಬಗ್ಗಿಸುವ ಮುಂಚೆ ಇನ್ನೊಮ್ಮೆ ತೊಳೆಯುವವರು ನಾವು. ಮೈಸೂರಿನವಳಾದ ನಾನೂ ಮನೆಯಲ್ಲಿ ದಿನಾ ಮಾಡುವುದು ಅದನ್ನೇ.

ಆ ಶನಿವಾರವೇ ಹೂಸ್ಟನ್‌ಗೆ ಡ್ರೈವ್ ಮಾಡಿದೆ. ಶ್ರಾವಣಿಗೆ ಅಲ್ಲಿನ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ತೈಲ ಕಂಪನಿಯೊಂದರಲ್ಲಿ ಕೆಲಸ. ಹತ್ತಿರದ ಕಾಫಿ ಅಂಗಡಿಗೆ ಬಂದಳು.

"ಅದ್ದೋಕೆ ಮುಂಚೆ ಗಾಜನ್ನ ಇನ್ನೊಂದ್ಸಲ ತೊಳೀತಿದ್ಯಾ?" ಎಂದೆ.

"ಹೌದ್ರಿ ಮೇಡಂ. ಧೂಳ ಕೂತಿರ್ತದಲ್ರಿ. ಅದನ್ನೂ ಯಾರರ ಬರೀತಾರೇನ್ರಿ?"

ನಡೆದದ್ದನ್ನೆಲ್ಲ ಹೇಳಿದೆ. "ತಪ್ಪಾಯ್ತು ಕಣಮ್ಮ. ನಾನೇ ವಿಭಾಗಕ್ಕೆ ಬರೀತೀನಿ. ನೀನು ವಾಪಸ್ ಬಂದು ಮುಗಿಸು."

ಅವಳು ತಲೆ ಅಲ್ಲಾಡಿಸಿದಳು.

"ಬರಾಕ ಆಗೂದಿಲ್ರಿ. ನೀವು ಅಷ್ಟು ದೊಡ್ಡವರು ಅಂದ ಮ್ಯಾಲೆ ನಾನೂ ಹಂಗ ತಿಳ್ಕೊಂಡೆ. ಕೆಟ್ಟವೂ ಬಂದಿರಬೇಕು, ನಾನ ಎಲ್ಲೋ ಒಗೆದು ಮರ್ತಿರಬೇಕು ಅಂತ. ವಿಭಾಗದವರು ಕೇಳಿದಾಗ, ಹೌದು, ಮುಚ್ಚಿಟ್ಟೀನಿ ಅಂತ ಸಹಿ ಮಾಡಿ ಕೊಟ್ಟು ಬಂದೀನ್ರಿ."

ಅವಳು ಮುಂದಕ್ಕೆ ಬಾಗಿ ತಗ್ಗಿದ ದನಿಯಲ್ಲಿ ಕೇಳಿದಳು:

"ಹಂಗಾದ್ರ... ಒಂದೂ ಕೆಟ್ಟಿರಲಿಲ್ಲೇನ್ರಿ, ಮೇಡಂ?"

ತಾನೇ ಮಾಡಿದ್ದನ್ನು ಅವಳು ನನ್ನನ್ನು ಕೇಳುತ್ತಿದ್ದಳು.