ಮೇಲಿನ ಠಾಣೆಯ ಮಾತು

ಮರಳಿನಲ್ಲಿ ಗುಡ್ಡ ಕಟ್ಟುವುದು ಮಕ್ಕಳಾಟ ಎಂದು ತಿಳಿದವರು ಒಮ್ಮೆ ನನ್ನ ಕೋಣೆಗೆ ಬರಬೇಕು. ಹದಿನಾಲ್ಕು ಅಡಿ ಉದ್ದ, ಹತ್ತಡಿ ಅಗಲದ ಮರದ ತೊಟ್ಟಿ, ಅದರ ತುಂಬ ಹದವಾಗಿ ನೆನೆಸಿದ ಮರಳು. ನೀರು ಹೆಚ್ಚಾದರೆ ಕಣಿವೆಯೆಲ್ಲ ಕೆಸರು, ಕಡಿಮೆಯಾದರೆ ಮಧ್ಯಾಹ್ನದ ಹೊತ್ತಿಗೆ ಶಿಖರ ಜಾರಿ ಕೂರುತ್ತದೆ. ಕಾಡಿಗೆ ಬಣ್ಣ ಹಾಕಿದ ಮರದ ಹೊಟ್ಟು, ಹಳ್ಳಕ್ಕೆ ನೀಲಿ ಪುಡಿ, ದಾರಿಗೆ ಬಿಳಿ ನೂಲು. ಪುಡಿಯನ್ನು ಕೋಠಿ ಪೇಟೆಯ ಒಂದೇ ಅಂಗಡಿಯಿಂದ ತರುತ್ತೇನೆ, ಬೇರೆಯವರ ನೀಲಿ ಎರಡು ದಿನಕ್ಕೆ ಬೂದಿಯಾಗುತ್ತದೆ. ಸಿಕಂದರಾಬಾದಿನ ಆಚೆ ಇರುವ ನಮ್ಮ ತರಬೇತಿ ಸಂಸ್ಥೆಗೆ ಬರುವ ಮೇಜರ್‌ಗಳು ಈ ತೊಟ್ಟಿಯ ಸುತ್ತ ನಿಂತು ಹಳೆಯ ಕಾಳಗಗಳನ್ನು ಮತ್ತೆ ನಡೆಸುತ್ತಾರೆ. ಯಾರು ಎಲ್ಲಿ ತಪ್ಪಿದರು, ನಾವಾಗಿದ್ದರೆ ಏನು ಮಾಡುತ್ತಿದ್ದೆವು ಎಂದು ವಾದಿಸುತ್ತಾರೆ. ವಾದ ಜೋರಾದಾಗ ಮೊಣಕೈ ತಾಗಿಸಿ ನನ್ನ ಗುಡ್ಡ ಕೆಡವುತ್ತಾರೆ. ನಾನು ಗೊಣಗುತ್ತೇನೆ, ಅವರು ‘ಸಾರಿ ಸುಬೇದಾರ್ ಸಾಬ್’ ಅನ್ನುತ್ತಾರೆ.

ನನ್ನ ಹೆಸರು ಸೂರ್ಯಕಾಂತ. ಬೀದರ್ ಕಡೆಯವನು, ಸೈನ್ಯದಲ್ಲಿ ವೈರ್‌ಲೆಸ್ ಸೆಟ್ ಹೊತ್ತು ತಿರುಗಿ ಸುಬೇದಾರನಾಗಿ ನಿವೃತ್ತನಾದವನು. ಹೆಂಡತಿಯ ತವರು ಹೈದರಾಬಾದಾದ್ದರಿಂದ ಅಲ್ಲಿನ ಉಪ್ಪಲಿನಲ್ಲಿ ಮನೆ ಮಾಡಿದೆ, ಎಂಟು ವರ್ಷದಿಂದ ಈ ಸಂಸ್ಥೆಯಲ್ಲಿ ಗುತ್ತಿಗೆ ನೌಕರಿ. ವರ್ಷಕ್ಕೆ ಎರಡು ಸಲ ‘ಮೇಲಿನ ಠಾಣೆ’ ಎಂಬ ಗುಡ್ಡ ಕಟ್ಟುತ್ತೇನೆ. ಅದಕ್ಕೆ ನನಗೆ ನಕ್ಷೆ ಬೇಡ. ಇಪ್ಪತ್ತಾರು ವರ್ಷದ ಹಿಂದೆ ಆ ಕಾಳಗ ನಡೆದ ದಿನ ನಾನು ಅದರ ಬುಡದಲ್ಲೇ ಇದ್ದೆ. ಈ ಸಂಗತಿ ಸಂಸ್ಥೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗದ ಹಾಗೆ ನಾನೇ ನೋಡಿಕೊಂಡಿದ್ದೆ.

ನಡೆದದ್ದು ಇಷ್ಟು. ಗುಡ್ಡದ ನೆತ್ತಿಯ ಠಾಣೆಯಲ್ಲಿ ಹವಾಲ್ದಾರ್ ಬಸವಲಿಂಗಪ್ಪ, ಅವನ ಕೆಳಗೆ ಎಂಟು ಜನ. ಬುಡದ ಬಂಕರಿನಲ್ಲಿ ಕಂಪನಿಯ ಮುಖ್ಯಸ್ಥ ಮೇಜರ್ ಅಮೋಲ್ ಸಾಹೇಬರು, ಅವರ ಪಕ್ಕ ಸೆಟ್ ಹಿಡಿದು ನಾನು. ಆಚೆ ಕಡೆಯವರು ನಮ್ಮ ವೈರ್‌ಲೆಸ್ ಕದ್ದು ಕೇಳುತ್ತಿದ್ದರು, ಅವರಿಗೆ ಹಿಂದಿ, ಪಂಜಾಬಿ ಎಲ್ಲ ತಿಳಿಯುತ್ತಿತ್ತು. ‘ನೀವಿಬ್ಬರೂ ನಿಮ್ಮ ಭಾಷೆಯಲ್ಲೇ ಮಾತಾಡಿ’ ಎಂದು ಮೇಜರ್ ಸಾಹೇಬರು ಅಪ್ಪಣೆ ಕೊಟ್ಟರು. ಜಾಣತನದ ಉಪಾಯವೇ. ಅದರಲ್ಲಿ ಒಂದೇ ಒಂದು ತೂತಿತ್ತು, ಇಡೀ ಬಂಕರಿನಲ್ಲಿ ಕನ್ನಡ ಬರುತ್ತಿದ್ದವನು ನಾನೊಬ್ಬನೇ.

ಬೆಳಗಿನಿಂದ ದಾಳಿ. ಮಧ್ಯಾಹ್ನ ಮೂರರ ಹೊತ್ತಿಗೆ ಮದ್ದುಗುಂಡು ಹೊತ್ತ ಇಪ್ಪತ್ತು ಜನರ ತುಕಡಿ ಮುಂದಿನ ದಾರಿಯಲ್ಲಿ ಅರ್ಧ ಗುಡ್ಡ ಏರಿತ್ತು. ಆಗ ಮೇಲಿನಿಂದ ಬಸವಲಿಂಗಪ್ಪನ ಮಾತು ಬಂತು. ‘ಏನೆಂದ?’ ಎಂದು ಮೇಜರ್ ಸಾಹೇಬರು ಹಿಂದಿಯಲ್ಲಿ ಕೇಳಿದರು. ‘ಗುಂಡು ಮುಗಿದಿದೆಯಂತೆ, ಬರುತ್ತಾರಂತೆ’ ಎಂದು ನಾನು ಹಿಂದಿಯಲ್ಲಿ ಹೇಳಿದೆ. ಮೇಲಿನವರು ಇಳಿದು ಬಂದರೆ ನೆತ್ತಿ ಶತ್ರುವಿನದು, ಏರುತ್ತಿರುವ ಇಪ್ಪತ್ತು ಜನ ನೇರ ಅವನ ಬಾಯಿಗೇ ಬೀಳುತ್ತಾರೆ. ಸಾಹೇಬರು ತುಕಡಿಯನ್ನು ತಡೆದು, ಇಳಿಯುವವರನ್ನು ಕೂಡಿಕೊಳ್ಳಲೆಂದು ಹಿಂದಿನ ಹಳ್ಳಕ್ಕೆ ತಿರುಗಿಸಿದರು. ಹಳ್ಳಕ್ಕೆ ಯಾರೂ ಬರಲಿಲ್ಲ. ಎರಡು ದಿನದ ಮೇಲೆ ಠಾಣೆಯನ್ನು ಮರಳಿ ಪಡೆದಾಗ ಒಂಬತ್ತು ಜನರೂ ತಮ್ಮ ತಮ್ಮ ಜಾಗದಲ್ಲಿ, ಮುಂದಕ್ಕೆ ಮುಖ ಮಾಡಿ ಬಿದ್ದಿದ್ದರು.

ವಿಚಾರಣೆಯಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ‘ಅವನು ಬರುತ್ತೇವೆ ಎಂದನೇ?’ ‘ಹೌದು ಸಾಹೇಬ್’ ಎಂದೆ. ಅದು ಸುಳ್ಳಲ್ಲ. ಅಪ್ಪಣೆಯಿಲ್ಲದೆ ಠಾಣೆ ಬಿಡಲು ಹೊರಟಿದ್ದ ಎಂದು ವರದಿಯಾಯಿತು. ಗುಂಡಿನ ಮಳೆಯಲ್ಲೂ ಸೆಟ್ ಬಿಡಲಿಲ್ಲವೆಂದು ನನಗೆ ಪ್ರಶಂಸಾಪತ್ರ ಸಿಕ್ಕಿತು. ಮುಧೋಳದ ಹತ್ತಿರದ ಅವನ ಊರಿನಲ್ಲಿ ಶಾಲೆಗೆ ಅವನ ಹೆಸರಿಡಬೇಕೆಂದು ಓಡಾಡುತ್ತಿದ್ದವರು ವರದಿಯ ಮಾತು ಕಿವಿಗೆ ಬಿದ್ದ ಮೇಲೆ ತೆಪ್ಪಗಾದರು. ಆಮೇಲೆ ಆ ಕಾಳಗ ಪಾಠವಾಯಿತು. ಪಾಠದ ಹಾಳೆಯ ಮೊದಲ ಪ್ರಶ್ನೆ ನನಗೆ ಬಾಯಿಪಾಠ: ‘ಠಾಣೆಯ ನಾಯಕ ಯಾವ ಹಂತದಲ್ಲಿ ಧೈರ್ಯ ಕಳೆದುಕೊಂಡ?’ ಹದಿನಾರು ಸಲ ಗುಡ್ಡ ಕಟ್ಟಿದ್ದೇನೆ, ಹದಿನಾರು ಸಲ ಆ ಪ್ರಶ್ನೆಗೆ ಉತ್ತರ ಕೇಳುತ್ತ ಗೋಡೆಗೆ ಒರಗಿ ನಿಂತಿದ್ದೇನೆ. ಈ ಸಲ ಪಾಠ ಪುಸ್ತಕದಲ್ಲಿ ಅಚ್ಚಾಗಿ ಎಲ್ಲ ತರಬೇತಿ ಕೇಂದ್ರಗಳಿಗೂ ಹೋಗುವುದಿತ್ತು, ಬಸವಲಿಂಗಪ್ಪನ ಹೆಸರಿನ ಸಮೇತ.

ತರಗತಿಯ ಹಿಂದಿನ ದಿನ ಮಧ್ಯಾಹ್ನ ಮೇಜರ್ ಪೂರ್ವಿ ನನ್ನ ಕೋಣೆಗೆ ಬಂದರು. ಧಾರವಾಡದವರು. ಮರುದಿನ ಈ ಪಾಠವನ್ನು ಮಂಡಿಸುವ ಸರದಿ ಅವರದು. ತೊಟ್ಟಿಯ ಸುತ್ತ ಎರಡು ಸುತ್ತು ಬಂದರು, ಮೊಣಕೈ ತಾಗಿಸಲಿಲ್ಲ.

“ಸಾಬ್ರ, ಒಂದು ಮಾತು ತಿಳಿವಲ್ದು,” ಎಂದರು. “ಒಂಬತ್ತೂ ಮಂದಿ ಮುಂದಕ್ಕ ಮುಖ ಮಾಡಿ ಬಿದ್ದಿದ್ರು ಅಂತ ಇದ ಹಾಳ್ಯಾಗ ಬರದೈತಿ. ಇಳಿದು ಓಡೋ ಮಂದಿ ಹಂಗ್ಯಾಕ ಬೀಳ್ತಾರ?”

“ಅದನ್ನ ಕರ್ನಲ್ ಸಾಹೇಬ್ರನ್ನ ಕೇಳ್ರಿ ಮೇಡಂ.”

“ಕೇಳ್ದೆ. ಹೊರಡೂಕಿಂತ ಮೊದಲ ವೈರಿ ಬಂದ ಅಂದ್ರು. ಇರಬಹುದು. ಆದ್ರ ಇಲ್ಲಿ ಸಂದೇಶ ಇಂಗ್ಲಿಷಿನ್ಯಾಗ ಐತಿ, ಅದರ ಕೆಳಗ ಸಣ್ಣ ಅಕ್ಷರದಾಗ ‘ಮೂಲ ಕನ್ನಡ’ ಅಂತ ಐತಿ. ಆ ಮೂಲ ಏನಿತ್ತು?”

ಇಪ್ಪತ್ತಾರು ವರ್ಷದಲ್ಲಿ ಎಷ್ಟು ಜನ ಆ ಹಾಳೆ ಓದಿಲ್ಲ. ಜನರಲ್‌ಗಳು ಓದಿದ್ದಾರೆ. ಒಬ್ಬರೂ ಇದನ್ನು ಕೇಳಿರಲಿಲ್ಲ.

“ಭಾಳ ಹಳೇ ಸಂಗತಿ ರೀ,” ಎಂದೆ. “ಯಾರಿಗೆ ನೆನಪಿರ್ತೈತಿ.”

ಅವರು ನನ್ನನ್ನು ಒಂದು ಗಳಿಗೆ ನೋಡಿ, ಸರಿ ಎಂದು ಹೊರಟುಹೋದರು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇಷ್ಟು ವರ್ಷ ಅರ್ಧ ಸತ್ಯ ಹೇಳಿಕೊಂಡು ಬಂದಿದ್ದೆ, ಆ ಮಧ್ಯಾಹ್ನ ಮೊದಲ ಸಲ ಪೂರಾ ಸುಳ್ಳು ಹೇಳಿದ್ದೆ.

ಸಂಜೆ ಮನೆಗೆ ಬಂದು ಚಹಾ ಮುಟ್ಟದೆ ಕೂತೆ. ಹೆಂಡತಿ ವನಜಾ ಕೆದಕಿದಳು, ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಹೇಳಿಬಿಟ್ಟೆ. ಅವಳು ಕೇಳುತ್ತಲೇ ಬಿಡಿಸುತ್ತಿದ್ದ ಬಟಾಣಿಯನ್ನು ಬದಿಗಿಟ್ಟಳು.

“ಪ್ರತಿ ಯುಗಾದಿಗೆ ಬಸವಲಿಂಗಪ್ಪನವರ ಹೆಂಡತಿ ಶೋಭಾ ವೈನಿಗೆ ಫೋನ್ ಮಾಡ್ತೀರಲ್ಲ, ಏನ್ ಮಾತಾಡ್ತಿದ್ರಿ?”

“ಮಳಿ, ಬೆಳಿ.”

“ಇಷ್ಟು ವರ್ಷ ಬರೇ ಮಳಿ ಬೆಳಿ,” ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಿತ್ತು. “ನಾಳೆ ಎಲ್ಲಾರ ಮುಂದ ಹೇಳ್ರಿ. ನೌಕರಿ ಹೋದ್ರ ಹೋಗ್ಲಿ. ಆಮ್ಯಾಲ ಅವ್ರಿಗೂ ಹೇಳ್ರಿ. ಹೇಳದ ಇದ್ರ ನಾನ ಫೋನ್ ಹಚ್ತೀನಿ.”

ಅವಳು ಹೇಳಿದ್ದನ್ನು ಮಾಡುವವಳು. ಆದರೆ ಅವಳ ಬೆದರಿಕೆಗೆ ನಾನು ಒಪ್ಪಿದ್ದಲ್ಲ. ಹೇಳಲೇಬೇಕೆಂದು ಮೆಟ್ರೋದಲ್ಲಿ ಬರುವಾಗಲೇ ಗಟ್ಟಿ ಮಾಡಿಕೊಂಡಿದ್ದೆ. ಯಾರಾದರೊಬ್ಬರು ಹೂಂ ಅನ್ನಲಿ ಎಂದು ಕಾಯುತ್ತಿದ್ದೆ, ಅಷ್ಟೆ.

ಬೆಳಿಗ್ಗೆ ತೊಟ್ಟಿಯ ಸುತ್ತ ಮೂವತ್ತು ಅಧಿಕಾರಿಗಳು, ಎದುರಿಗೆ ತರಗತಿ ನಡೆಸುವ ಕರ್ನಲ್ ಹೇಮಂತ ಸಾಹೇಬರು. ಮೇಜರ್ ಪೂರ್ವಿ ಕಾಳಗವನ್ನು ಚೊಕ್ಕವಾಗಿ ವಿವರಿಸಿ, ಮೊದಲ ಪ್ರಶ್ನೆಗೆ ಬಂದು ನಿಂತರು. “ಈ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ, ಸರ್,” ಎಂದರು ಇಂಗ್ಲಿಷಿನಲ್ಲಿ. “ಅವನು ನಿಜವಾಗಿ ಏನೆಂದ ಎಂಬುದು ಈ ಹಾಳೆಯಲ್ಲಿ ಇಲ್ಲ.”

“ಆ ಆಪರೇಟರನ್ನು ಈಗ ಎಲ್ಲಿ ಹುಡುಕೋಣ?” ಎಂದು ಕರ್ನಲ್ ಸಾಹೇಬರು ನಕ್ಕರು.

ನಾನು ಗೋಡೆ ಬಿಟ್ಟು ಮುಂದೆ ಬಂದೆ. “ಇಲ್ಲೇ ಇದ್ದೇನೆ ಸಾಹೇಬ್. ಆ ಸೆಟ್ ನನ್ನ ಕೈಯಲ್ಲಿತ್ತು.”

ಎಲ್ಲರೂ ನನ್ನ ಕಡೆ ತಿರುಗಿದರು. ಕರ್ನಲ್ ಸಾಹೇಬರ ನಗು ಹೋಯಿತು. ಮೇಜರ್ ಪೂರ್ವಿ ಮಾತ್ರ ಬೆಚ್ಚಲಿಲ್ಲ.

“ಅವ್ರು ಏನಂದ್ರು, ಸಾಬ್ರ? ಅವ್ರ ಮಾತಿನ್ಯಾಗ ಹೇಳ್ರಿ.”

“‘ಸೂರ್ಯಾ, ಗುಂಡು ತೀರಿದ್ವು. ಸಾಹೇಬ್ರಿಗೆ ಹೇಳು. ನಾವು ಬರ್ತೀವಿ.’ ಇಷ್ಟ ರೀ.”

“ಬರಾಕತ್ತೀವಿ ಅಂದ್ರೋ, ಬರ್ತೀವಿ ಅಂದ್ರೋ?”

“ಬರ್ತೀವಿ.”

ಅವರು ಉಳಿದವರಿಗೆ ಬಿಡಿಸಿ ಹೇಳಿದರು. ನಮ್ಮ ಕಡೆ ದಾರಿಯಲ್ಲಿರುವವನು ‘ಬರಾಕತ್ತೀನಿ’ ಅನ್ನುತ್ತಾನೆ. ಮನೆ ಬಿಟ್ಟು ಹೊರಡುವವನು ‘ಹೋಗ್ತೀನಿ’ ಅನ್ನಬಾರದು, ಅದು ಅಪಶಕುನ. ಅದಕ್ಕೇ ‘ಬರ್ತೀನಿ’ ಅನ್ನುತ್ತಾನೆ. ಬೀಳ್ಕೊಳ್ಳುವ ಮಾತು ಅದು.

“ಇಳಿದು ಬರುತ್ತೇವೆ ಎಂಬ ಅರ್ಥವೂ ಬರಬಹುದಲ್ಲವೇ?” ಎಂದರು ಕರ್ನಲ್ ಸಾಹೇಬರು.

“ಬರಬಹುದು ಸರ್,” ಎಂದು ಮೇಜರ್ ಪೂರ್ವಿ ಒಪ್ಪಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. “ನೀವು ಅವ್ರಿಗೆ ಏನಂದ್ರಿ?”

ಇದನ್ನು ನಾನು ವನಜಾಳಿಗೂ ಹೇಳಿರಲಿಲ್ಲ.

“‘ಹೂಂ ಅಣ್ಣಾ, ಹೋಗಿ ಬರ್ರಿ’ ಅಂದೆ.”

ಅವರು ಅದನ್ನು ಅನುವಾದಿಸಲಿಲ್ಲ. ನಾನೇ ಹಿಂದಿಯಲ್ಲಿ ಹೇಳಿದೆ. ನಮ್ಮನ್ನು ಬಿಟ್ಟು ಹೊರಟವನಿಗೆ ಮಾತ್ರ ‘ಹೋಗಿ ಬಾ’ ಅನ್ನುತ್ತೇವೆ ಸಾಹೇಬ್, ನಮ್ಮತ್ತ ಬರುತ್ತಿರುವವನಿಗೆ ಅನ್ನುವುದಿಲ್ಲ. ನನ್ನ ಬಾಯಿಗೆ ಅವನ ಮಾತು ಸರಿಯಾಗಿಯೇ ತಿಳಿದಿತ್ತು. ಮೇಜರ್ ಸಾಹೇಬರು ಕೇಳಿದಾಗ ಪದಕ್ಕೆ ಪದ ಇಟ್ಟು ಹೇಳಿಬಿಟ್ಟೆ.

“ತಪ್ಪು ಹೇಳಿದೆನೆಂದು ಯಾವಾಗ ಗೊತ್ತಾಯಿತು?” ಕರ್ನಲ್ ಸಾಹೇಬರ ದನಿ ಗಟ್ಟಿಯಾಗಿತ್ತು.

“ಒಂದು ನಿಮಿಷದಲ್ಲಿ. ತುಕಡಿ ಇನ್ನೂ ಹಳ್ಳಕ್ಕೆ ತಿರುಗಿರಲಿಲ್ಲ.”

“ತಿದ್ದಲಿಲ್ಲ ಯಾಕೆ?”

“ಸಾಹೇಬರು ಆಗಲೇ ಆದೇಶ ಕೊಟ್ಟಾಗಿತ್ತು. ನಾನು ತಪ್ಪು ಹೇಳಿದೆ ಅನ್ನಲು ಹೆದರಿದೆ. ಶೆಲ್ಲಿಗೆ ಹೆದರಿರಲಿಲ್ಲ. ಅವರ ಮುಖಕ್ಕೆ ಹೆದರಿದೆ. ಆಮೇಲೆ ಮೇಲಿನವರು ಸತ್ತರು, ಇನ್ನೂ ಹೆದರಿದೆ. ತುಕಡಿ ಹತ್ತಿದ್ದರೆ ಅವರು ಉಳಿಯುತ್ತಿದ್ದರೋ ಇಲ್ಲವೋ ನಾನು ಹೇಳಲಾರೆ. ಬಸವಲಿಂಗಪ್ಪ ಧೈರ್ಯ ಕಳೆದುಕೊಳ್ಳಲಿಲ್ಲ ಎಂದು ಹೇಳಬಲ್ಲೆ. ಧೈರ್ಯ ಕಳೆದುಕೊಂಡವನು ನಾನು. ಪ್ರಶ್ನೆಯಲ್ಲಿ ಹೆಸರು ಬದಲಿಸಿ ಸಾಹೇಬ್.”

ಕರ್ನಲ್ ಸಾಹೇಬರು ಮುಂದಿದ್ದ ಹಾಳೆಯಲ್ಲಿ ಮೊದಲ ಪ್ರಶ್ನೆಯನ್ನು ಪೆನ್ನಿನಿಂದ ಹೊಡೆದು ಹಾಕಿದರು. “ಪುಸ್ತಕ ನಿಲ್ಲಲಿ,” ಎಂದರು. “ಒಂದೇ ಕಿವಿಯ ಮೇಲೆ ಇಡೀ ಕಾಳಗವನ್ನು ನೇತುಹಾಕಿದ ಮೇಜರ್, ಎರಡನೇ ಸಲ ಕೇಳಲಿಲ್ಲ. ತಪ್ಪಾಯಿತು ಎಂದು ಹೇಳಲು ಸಿಪಾಯಿಗೆ ಧೈರ್ಯ ಬಾರದಂಥ ಬಂಕರ್ ಅವನದು. ಅದನ್ನೂ ಬರೆದುಕೊಳ್ಳಿ, ನೀವೆಲ್ಲ ನಾಳೆ ಅಂಥ ಬಂಕರಿನಲ್ಲೇ ಕೂರುವವರು.” ನನ್ನ ಕಡೆ ನೋಡಿದರು. “ಇದರಿಂದ ನಿಮ್ಮ ತಪ್ಪು ಕಡಿಮೆಯಾಗುವುದಿಲ್ಲ. ಎಲ್ಲ ಬರೆದು ಸಹಿ ಹಾಕಿ ಕೊಡಿ. ವಿಚಾರಣೆ ಮತ್ತೆ ತೆರೆಯಬಹುದು, ಪ್ರಶಂಸೆ ಹೋಗಬಹುದು. ಗೊತ್ತಿದೆಯಲ್ಲ?”

“ಗೊತ್ತಿದೆ ಸಾಹೇಬ್.”

ಮೂರು ಪುಟ ಬರೆದೆ. ಅವನ ಮಾತು, ನನ್ನ ಮಾತು ಎರಡನ್ನೂ ಕನ್ನಡದಲ್ಲೇ ಬರೆದು ಪಕ್ಕದಲ್ಲಿ ಅರ್ಥ ಕೊಟ್ಟೆ. ಸಹಿ ಹಾಕಿ, ಹೊರಗೆ ಬೇವಿನ ಮರದ ಕೆಳಗೆ ನಿಂತು ಶೋಭಾ ವೈನಿಗೆ ಫೋನ್ ಹಚ್ಚಿದೆ. ಯುಗಾದಿಯಲ್ಲದ ದಿನ ನನ್ನ ದನಿ ಕೇಳಿ ಅವರು ಗಾಬರಿಯಾದರು. ಮಳೆ ಬೆಳೆಯ ಮಾತೆತ್ತದೆ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಬೈಯಲಿ ಎಂದು ಕಾದೆ, ಬೈದರೆ ಹಗುರಾಗುತ್ತಿತ್ತು.

“ಸೂರ್ಯಕಾಂತವ್ರ,” ಎಂದರು ಕೊನೆಗೆ. “ನೀವು ಹೋಗಿ ಬರ್ರಿ ಅಂದದ್ದು ಅವರಿಗೆ ಕೇಳಿಸ್ತೇನು?”

ಇಷ್ಟು ವರ್ಷದ ಮೇಲೆ ಅವರಿಗೆ ಬೇಕಾಗಿದ್ದು ಅದೊಂದೇ. ಕೇಳಿಸ್ತು ವೈನಿ, ಹೂಂ ಅಂದ್ರು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದ್ದರೆ ಆ ಹೆಂಗಸಿಗೆ ಸಮಾಧಾನವಾಗುತ್ತಿತ್ತು, ತಪ್ಪೆಂದು ಯಾರೂ ನನ್ನನ್ನು ಹಿಡಿಯಲು ಸಾಧ್ಯವಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

“ಗೊತ್ತಿಲ್ಲ ವೈನಿ,” ಎಂದೆ. “ನಾ ಅನ್ನೂದ್ರಾಗ ಆ ಕಡೆ ಸಪ್ಪಳ ನಿಂತಿತ್ತು. ಕೇಳಿರಬಹುದು, ಕೇಳದೇನೂ ಇರಬಹುದು.”

ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು.

“ಆತು,” ಎಂದರು. “ಅದನ್ನೂ ಬರೀರಿ.”

ನಾನು ಒಳಗೆ ಹೋಗಿ, ಸಹಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ಅದನ್ನೂ ಬರೆದು ಮತ್ತೊಂದು ಸಹಿ ಹಾಕಿದೆ.