ಲಾಕಪ್ಪಿನ ಕ್ಯಾಮೆರಾಕ್ಕೆ ಬಂದ ಉತ್ತರ

ಮಾನವ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯಲ್ಲಿ ಬೇರೆ ದೇಶಗಳು ಕೊಟ್ಟ ಸಲಹೆಗಳಿಗೆ ನಮ್ಮ ಸರ್ಕಾರದ ಉತ್ತರ ಬಂದಿತ್ತು. ವಕೀಲೆ ಪುಟ ತಿರುವುತ್ತಿದ್ದಳು. ಎದುರಿಗೆ ಟೈಲರಮ್ಮ ಕೂತಿದ್ದಳು; ಅವಳ ಮಗ ಲಾಕಪ್ಪಿನಲ್ಲಿ ಸತ್ತು ಮೂರು ವರ್ಷವಾಗಿತ್ತು. ಅವಳ ಹೇಳಿಕೆಯನ್ನು ವಕೀಲೆಯೇ ಬರೆದು ವಿಶ್ವಸಂಸ್ಥೆಗೆ ಕಳಿಸಿದ್ದಳು. ಅದನ್ನು ಓದಿದ ಯಾವುದೋ ಪುಟ್ಟ ದೇಶ, ಲಾಕಪ್ಪುಗಳಿಗೆಲ್ಲ ಕ್ಯಾಮೆರಾ ಹಾಕಿ ಎಂದು ತುಂಬಿದ ಸಭೆಯಲ್ಲಿ ಹೇಳಿತ್ತು.

“ನಮ್ಮೋರು ಏನಂದ್ರು ಮಗಳೇ?”

“ಒಪ್ಪಿಲ್ಲ, ಅಮ್ಮ. ‘ಗಮನಿಸಿದ್ದೇವೆ’ ಅಂತ ಬರೆದಿದಾರೆ. ಒಪ್ಪದೇ ಇರೋದಕ್ಕೆಲ್ಲ ಅಲ್ಲಿ ಹಾಗೇ ಬರೆಯೋದು.”

“ಅಳತೆ ತಪ್ಪಿದ ರವಿಕೆ ವಾಪಸ್ ತಂದೋರಿಗೆ ನಾನು ಹಾಗಂದು ನೋಡ್ಲಿ, ಮುಖಕ್ಕೇ ಎಸೀತಾರೆ!”

ವಕೀಲೆಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು.

“ಆ ದೇಶದೋರೆಲ್ಲ ನಮ್ಮೋರನ್ನ ಇನ್ನೊಂದ್ಸಲ ಯಾವಾಗ ಕೇಳ್ತಾರೆ?”

“ನಾಲ್ಕೂವರೆ ವರ್ಷ ಆಗುತ್ತೆ, ಅಮ್ಮ.”

ಟೈಲರಮ್ಮ ಒರಟು ಬೆರಳಿನಿಂದ ಅವಳ ಕೆನ್ನೆ ಒರೆಸಿದಳು. “ಅಳ್ಬೇಡ ಕಣೇ. ಈಗ್ಲೂ ಕನ್ನಡಕ ಇಲ್ದೆ ಸೂಜಿಗೆ ದಾರ ಪೋಣಿಸ್ತೀನಿ, ಅಲ್ಲೀವರೆಗೂ ಇರ್ತೀನಿ. ನಮ್ಮ ಹಿಂದಿನ ಬೀದೀಲಿ ಡ್ರೈವರ್ ಹೆಂಡ್ತಿ ಇದಾಳೆ. ಅವಳ ಗಂಡನ್ನೂ ಲಾಕಪ್ಪಲ್ಲಿ ಹೊಡೆದು ಕಳಿಸಿದ್ರು. ಬಾಯಿ ಬಿಡೋಕೆ ಹೆದರ್ತಾಳೆ, ಪಾಪ. ನಾಳೆ ಕೈ ಹಿಡ್ಕೊಂಡು ನಾನೇ ಕರ್ಕೊಂಡ್ ಬರ್ತೀನಿ. ಅವಳ ಹೇಳಿಕೇನೂ ನೀನು ಬರ್ಕೋ.”